ಮೇಘದೂತ್ ಆ್ಯಪ್: ಅಡಿಕೆ ತೋಟ ಇರೋರು ಹಾಕ್ಕೊಳ್ಳಿ

ಮಲೆನಾಡಲ್ಲಿ ಈಗ ಮಳೆ ನಕ್ಷತ್ರ ನಂಬ್ಕೊಂಡು ಕೂರೋ ಹಾಗಿಲ್ಲ, ಆರಿದ್ರಾ ಕೈಕೊಡುತ್ತೆ, ಕೊಯ್ಲಿನ ಟೈಮಲ್ಲಿ ಸುರಿಯುತ್ತೆ. ಅಡಿಕೆ ಕಾಯಿ ಕೊಳೆತು ಉದುರೋ ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ, ಅದನ್ನ ಹೊಡೆಯೋಕೆ ಕೊನೆಗೌಡ್ರನ್ನ (ಅಡಿಕೆ ಮರ ಹತ್ತೋ ಕೆಲಸದೋರು) ಮರ ಹತ್ಸಿದ್ಮೇಲೆ ಜಡಿಮಳೆ ಹಿಡಿದ್ರೆ ದುಡ್ಡೆಲ್ಲಾ ನೀರುಪಾಲು. ಹವಾಮಾನ ಇಲಾಖೆಯ ಈ ಆ್ಯಪಲ್ಲಿ ಮುಂದಿನ 5 ದಿನದ ಮಳೆ, ಗಾಳಿ, ತೇವಾಂಶ ಸಿಗುತ್ತೆ, ಮಂಗಳವಾರ ಶುಕ್ರವಾರ ಬೆಳೆ ಸಲಹೆ, ಅದೂ ಕನ್ನಡದಲ್ಲಿ, ಫ್ರೀ. ನಾನಂತೂ ಗದ್ದೆಗೆ ಯೂರಿಯಾ ಹಾಕೋಕ್ ಮುಂಚೆನೂ ನೋಡ್ತೀನಿ, ಯಾಕಂದ್ರೆ ಮಳೆಗೆ ಸಿಕ್ಕ ಗೊಬ್ಬರ ಹಳ್ಳಕ್ಕೂ ಹೋಗುತ್ತೆ, ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಆಗಿ ಗಾಳಿಗೂ ಸೇರಿ ಭೂಮಿ ಬಿಸಿ ಇನ್ನೂ ಏರ್ಸುತ್ತೆ. ಮುನ್ಸೂಚನೆ ದೊಡ್ಡ ಪ್ರದೇಶದ ಲೆಕ್ಕದ್ದು, ಘಟ್ಟದಲ್ಲಿ ಹೋಬಳಿಗೊಂದು ಮಳೆ, ಅದಕ್ಕೇ 4 ಸ್ಟಾರ್.