ಚಳಿಗಾಲದ ಹಲ್ಲಾಸಾನ್: ಮೂರು ದಾರಿಗಳಲ್ಲಿ ಯಾವುದು ಹಿಡಿಯಬೇಕು?

ಡಿಸೆಂಬರ್ ಬಂತು ಅಂದರೆ ಕೊರಿಯಾದಲ್ಲಿ ಕೆಲಸಕ್ಕಿರುವ ನಮ್ಮವರದ್ದು ಒಂದೇ ಪ್ರಶ್ನೆ. "ಜೇಜುಗೆ ಹೋಗ್ತಿದ್ದೀವಿ, ಹಲ್ಲಾಸಾನ್ ಹತ್ತಬಹುದಾ?" ಜೇಜು ಅಂದರೆ ದಕ್ಷಿಣ ಕೊರಿಯಾದ ಒಂದು ದ್ವೀಪ, ಹಲ್ಲಾಸಾನ್ ಅದರ ನಡುವಿನ ಬೆಟ್ಟ. ಧಾರಾಳವಾಗಿ ಹತ್ತಬಹುದು. ಆದರೆ ದಿನ ಚೆನ್ನಾಗಿ ಕಳೆಯುತ್ತದೋ, ಸುಮ್ನೆ ಕಾಲು ನೋಯಿಸಿಕೊಂಡು ಬರುತ್ತೀರೋ ಅನ್ನುವುದು ನೀವು ಹಿಡಿಯುವ ದಾರಿಯ ಮೇಲಿದೆ. ಸಂಗ್‌ಪಾನಕ್, ಗ್ವಾನುಮ್ಸಾ, ಯಂಗ್‌ಶಿಲ್, ಮೂರನ್ನೂ ಹಿಮದಲ್ಲೇ ನಡೆದು ನೋಡಿದ್ದೇನೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹಿಮ ನೋಡಬೇಕು ಅಂತ ಹೋಗುವವರಿಗೆ ತುದಿ ಮುಟ್ಟದ ಯಂಗ್‌ಶಿಲ್ ದಾರಿಯೇ ಸರಿ. ತುದಿ ಮುಟ್ಟಲೇಬೇಕು ಅನ್ನುವವರು ಗ್ವಾನುಮ್ಸಾದಿಂದ ಹತ್ತಿ ಸಂಗ್‌ಪಾನಕ್ ಕಡೆ ಇಳಿಯಲಿ. ಸಂಗ್‌ಪಾನಕ್‌ನಲ್ಲೇ ಹತ್ತಿ ಅಲ್ಲೇ ಇಳಿಯುವುದು ಎಲ್ಲರೂ ಮಾಡುವ ಪ್ಲಾನು. ನನಗೆ ಅದು ಕೊನೆಯ ಆಯ್ಕೆ.

ಹಲ್ಲಾಸಾನ್ ಎತ್ತರ 1,947 ಮೀಟರ್. ದಕ್ಷಿಣ ಕೊರಿಯಾದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1,930. ಹದಿನೇಳೇ ಮೀಟರ್ ವ್ಯತ್ಯಾಸ ಅಂತ ಕೇಳಿದ ಕೂಡಲೇ ಚಿಕ್ಕಮಗಳೂರು ಕಡೆಯವರು ನಗುತ್ತಾರೆ. ಆದರೆ ಅಲ್ಲಿ ಗಾಡಿ ಹೆಚ್ಚುಕಡಿಮೆ ಕೊನೆಯ ಮೆಟ್ಟಿಲುಗಳವರೆಗೆ ಹೋಗುತ್ತದೆ. ಇಲ್ಲಿ ಸಂಗ್‌ಪಾನಕ್‌ನಲ್ಲಿ ಸುಮಾರು 750 ಮೀಟರ್ ಎತ್ತರದಲ್ಲಿ ಬಸ್ಸು ಇಳಿಸುತ್ತದೆ, ಗ್ವಾನುಮ್ಸಾದಲ್ಲಿ ಇನ್ನೂ ಕೆಳಗೆ. ಮಿಕ್ಕಿದ್ದೆಲ್ಲ ಕಾಲಿನದೇ ಕೆಲಸ. ಇದು ನೀರಿನ ಹಾಗೆ ತೆಳ್ಳಗಿನ ಲಾವಾ ಹರಿದು ಹರಿದು ಅಗಲಕ್ಕೆ ಹಬ್ಬಿದ ಜ್ವಾಲಾಮುಖಿ. ಹಾಗಾಗಿ ಬಹಳ ಕಡೆ ಏರು ಕಡಿಮೆ, ದೂರ ಜಾಸ್ತಿ. ಈ ದ್ವೀಪದಲ್ಲಿ 1002ರಲ್ಲಿ ಮತ್ತು 1007ರಲ್ಲಿ ಬೆಂಕಿ ಎದ್ದಿತ್ತು ಅಂತ ಹಳೆಯ ದಾಖಲೆಗಳಲ್ಲಿದೆ. ಆಮೇಲೆ ಬೆಟ್ಟ ತೆಪ್ಪಗಿದೆ. ಹೆದರಬೇಕಾದ್ದು ಲಾವಾಕ್ಕಲ್ಲ, ಗಾಳಿಗೆ. ಜನವರಿಯಲ್ಲಿ ಕೆಳಗೆ ಪೇಟೆಯಲ್ಲಿ ಕಿತ್ತಳೆ ತೋಟ, ಕೆಂಪು ಕಮೆಲಿಯಾ ಹೂವು, ಒಂದು ಜಾಕೆಟ್ ಸಾಕು. ಅದೇ ಹೊತ್ತಿಗೆ ಮೇಲೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರಬಹುದು. ಸೈಬೀರಿಯಾ ಕಡೆಯ ಒಣ ಗಾಳಿ ಹಳದಿ ಸಮುದ್ರ ದಾಟುವಾಗ ನೀರು ಹೀರಿಕೊಂಡು ಬಂದು ಈ ಬೆಟ್ಟಕ್ಕೆ ಬಡಿದು ಹಿಮ ಸುರಿಸುತ್ತದೆ.

ಬುಕಿಂಗ್ ವಿಷಯದಲ್ಲೇ ಮೂರು ದಾರಿ ಎರಡು ಪಂಗಡವಾಗುತ್ತವೆ. ತುದಿಗೆ ಹೋಗುವುದು ಸಂಗ್‌ಪಾನಕ್ ಮತ್ತು ಗ್ವಾನುಮ್ಸಾ ಮಾತ್ರ. ಎರಡಕ್ಕೂ ಮೊದಲೇ ಹೆಸರು ಬರೆಸಬೇಕು. ದಿನಕ್ಕೆ ಸಂಗ್‌ಪಾನಕ್‌ನಿಂದ 1,000 ಜನ, ಗ್ವಾನುಮ್ಸಾದಿಂದ 500 ಜನ, ಅಷ್ಟೇ. 2025ರ ಮೇ ತಿಂಗಳಿಂದ ಈ ಬುಕಿಂಗ್ ಬೇಕಾಗಿರುವುದು ದಾರಿಯ ಮೇಲಿನ ಭಾಗಕ್ಕೆ ಮಾತ್ರ. ಸಂಗ್‌ಪಾನಕ್‌ನಲ್ಲಿ ಜಿಂದಲ್ಲೆಬಾತ್ ತಂಗುದಾಣದಿಂದ ಮೇಲೆ, ಗ್ವಾನುಮ್ಸಾದಲ್ಲಿ ಸಾಮ್‌ಗಾಕ್‌ಬೊಂಗ್ ತಂಗುದಾಣದಿಂದ ಮೇಲೆ. ದುಡ್ಡು ಕೊಡಬೇಕಿಲ್ಲ. ಹಿಂದಿನ ತಿಂಗಳ ಮೊದಲ ಕೆಲಸದ ದಿನ ಬೆಳಗ್ಗೆ 9ಕ್ಕೆ ಆನ್‌ಲೈನ್‌ನಲ್ಲಿ ತೆರೆಯುತ್ತದೆ. ಜನವರಿಯ ಶನಿವಾರ ಬೇಕಿದ್ದರೆ ಅವತ್ತು ಆಫೀಸಿನ ಮೀಟಿಂಗ್ ಬದಿಗಿಟ್ಟು ಕೂರಿ. ಫೋನಿಗೆ ಬಂದ ಕ್ಯೂಆರ್ ಕೋಡ್ ಜೊತೆಗೆ ಪಾಸ್‌ಪೋರ್ಟೋ ರೆಸಿಡೆನ್ಸ್ ಕಾರ್ಡೋ ಇರಲಿ. ಯಂಗ್‌ಶಿಲ್‌ಗೆ ಇದ್ಯಾವ ತಲೆನೋವೂ ಇಲ್ಲ. ಬೆಳಗ್ಗೆ ಎದ್ದು ಆಕಾಶ ನೋಡಿ, ಹೊರಡಿ.

ಮೊದಲು ಆ ಎರಡು ತುದಿ ದಾರಿಗಳನ್ನು ಪಕ್ಕಪಕ್ಕ ಇಡೋಣ. ಸಂಗ್‌ಪಾನಕ್ ಒಂದು ಬದಿಗೆ 9.6 ಕಿ.ಮೀ., ಗ್ವಾನುಮ್ಸಾ 8.7. ಕಾಗದದ ಮೇಲೆ ಗ್ವಾನುಮ್ಸಾ ಚಿಕ್ಕದು, ಆದರೆ ಹತ್ತಲು ಅದಕ್ಕೇ ಸಮಯ ಜಾಸ್ತಿ. ಸಂಗ್‌ಪಾನಕ್‌ಗೆ ನಾಲ್ಕೂವರೆ ಗಂಟೆ, ಗ್ವಾನುಮ್ಸಾಕ್ಕೆ ಐದು ಅಂತ ಹಲ್ಲಾಸಾನ್ ನ್ಯಾಷನಲ್ ಪಾರ್ಕ್‌ನವರೇ ಹೇಳುತ್ತಾರೆ. ಹಿಮದಲ್ಲಿ ಇನ್ನರ್ಧ ಗಂಟೆ ಸೇರಿಸಿ.

ಸಂಗ್‌ಪಾನಕ್ ಅಂದರೆ ಕಾಡು, ಕಾಡು, ಮತ್ತೆ ಕಾಡು. ಮೊದಲ ಏಳು ಕಿಲೋಮೀಟರಿನಲ್ಲಿ ಒಂದೇ ಒಂದು ಕಡೆಯೂ ನೋಟ ತೆರೆಯುವುದಿಲ್ಲ. ಹಾಸನದ ಗೆಳೆಯನೊಬ್ಬ ನನ್ನ ಜೊತೆ ಬಂದಿದ್ದ. ನಾಲ್ಕು ಕಿಲೋಮೀಟರಿಗೆ ಬರುವ ಸೋಕ್‌ಬಾತ್ ತಂಗುದಾಣದಲ್ಲೇ ಕೂತು, "ಮಾರಾಯ, ಬೆಟ್ಟ ಎಲ್ಲಿ? ನಾವು ಬರೀ ಮರ ನೋಡ್ಕೊಂಡು ನಡೀತಿದ್ದೀವಿ" ಅಂದ. ಅವನ ಮಾತಲ್ಲಿ ತಪ್ಪಿಲ್ಲ. ಸ್ವಲ್ಪ ಮುಂದೆ, 5.8 ಕಿ.ಮೀ. ಹತ್ತಿರ, ಎಡಕ್ಕೆ ಸಾರಾ ಓರುಮ್ ಅನ್ನುವ ಮರಿ ಜ್ವಾಲಾಮುಖಿಗೆ ಕವಲು ಇದೆ. ಆರುನೂರು ಮೀಟರ್ ಹತ್ತಿದರೆ ಹೆಪ್ಪುಗಟ್ಟಿದ ಕೆರೆ. ಅಷ್ಟು ಹೊತ್ತಿನ ಬೇಸರಕ್ಕೆ ಅದೊಂದೇ ಮದ್ದು. ಆದರೆ ಹತ್ತುವಾಗ ಅಲ್ಲಿಗೆ ಹೋಗಬೇಡಿ. ಗಡಿಯಾರ ಬಿಡುವುದಿಲ್ಲ.

ಯಾಕಂದರೆ ಚಳಿಗಾಲದಲ್ಲಿ ಜಿಂದಲ್ಲೆಬಾತ್ ಆಗಲಿ, ಸಾಮ್‌ಗಾಕ್‌ಬೊಂಗ್ ಆಗಲಿ, ಹನ್ನೊಂದೂವರೆಗೆ ಗೇಟು ಹಾಕುತ್ತಾರೆ. ಹನ್ನೊಂದು ಮೂವತ್ತೈದಕ್ಕೆ ಬಂದು ಎಷ್ಟು ಕೈಮುಗಿದರೂ ಬಿಡುವುದಿಲ್ಲ. ತುದಿಯಿಂದ ಒಂದೂವರೆಗೆ ಎಲ್ಲರನ್ನೂ ಕೆಳಗಟ್ಟುತ್ತಾರೆ. ಸಂಗ್‌ಪಾನಕ್‌ನಲ್ಲಿ ಗೇಟಿನವರೆಗೆ 7.3 ಕಿ.ಮೀ. ಸಲೀಸು ನಡಿಗೆ, ಗ್ವಾನುಮ್ಸಾದಲ್ಲಿ 6 ಕಿ.ಮೀ. ಒದ್ದಾಟ. ಎರಡರಲ್ಲೂ ಬೆಳಗ್ಗೆ ಆರು, ಆರೂವರೆಗೆಲ್ಲ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡುವುದು ಕ್ಷೇಮ. ಜನವರಿಯಲ್ಲಿ ಅಲ್ಲಿ ಸೂರ್ಯ ಕಾಣುವುದೇ ಏಳೂವರೆಗೆ.

ಗ್ವಾನುಮ್ಸಾ ಶುರುವಿನಲ್ಲಿ ಸಾದಾ. ಗೂರಿನ್ ಅನ್ನುವ ಲಾವಾ ಗುಹೆ ದಾರಿಯ ಪಕ್ಕದಲ್ಲೇ ಸಿಗುತ್ತದೆ. ಹಿಂದೆ ರಾಜರ ಕಾಲದಲ್ಲಿ ಅದರೊಳಗೆ ಐಸು ಕೂಡಿಡುತ್ತಿದ್ದರಂತೆ. ತಾಮ್ನಾ ಕಣಿವೆ ದಾಟಿದ ಮೇಲೆ ಬೆಟ್ಟ ತನ್ನ ಬುದ್ಧಿ ತೋರಿಸುತ್ತದೆ. ಒಂದೇ ಸಮನೆ ಏರು. ಬೆವರು ಬಂದು ಒಳಗಿನ ಬನಿಯನ್ ಒದ್ದೆ, ನಿಂತರೆ ಅದೇ ಬೆವರು ಕೊರೆಯುತ್ತದೆ. ಆದರೆ ಸಾಮ್‌ಗಾಕ್‌ಬೊಂಗ್ ಬಂಡೆಯ ಬುಡದಿಂದ ಯೊಂಗ್‌ಜಿನ್‌ಗಾಕ್ ಕಣಿವೆಗೆ ಇಳಿದು, ತೂಗುಸೇತುವೆ ದಾಟಿ, ಮತ್ತೆ ಹತ್ತುವ ಆ ಭಾಗಕ್ಕೆ ಇಡೀ ಬೆಟ್ಟದಲ್ಲಿ ಸಾಟಿಯಿಲ್ಲ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಹಿಮ ಬೇಗ ಕರಗುವುದಿಲ್ಲ. ಹಿಮಾಲಯಕ್ಕೆ ಹೋಗುವ ಕೊರಿಯಾದ ಪರ್ವತಾರೋಹಿಗಳು ಚಳಿಗಾಲದ ತರಬೇತಿಗೆ ಬರುವುದೂ ಈ ಕಡೆಗೇ. ಇಲ್ಲಿದ್ದ ಹಳೆಯ ತಂಗುದಾಣ 2007ರ ನಾರಿ ಚಂಡಮಾರುತದಲ್ಲಿ ಕೊಚ್ಚಿಹೋಯಿತು.

ಈಗ ನನ್ನ ವಾದ. ಕಡಿದಾದ ಜಾಗವನ್ನು, ಹಿಮದಲ್ಲಿ ಜಾರದಂತೆ ಲೋಹದ ಮುಳ್ಳಿನ ಪಟ್ಟಿ ಕಟ್ಟಿದ ಬೂಟಿನಲ್ಲಿ ಹತ್ತುವುದು ಸುಲಭ, ಇಳಿಯುವುದು ಕಷ್ಟ. ಅದಕ್ಕೇ ಗ್ವಾನುಮ್ಸಾ ಹತ್ತಲಿಕ್ಕೆ. ಸಂಗ್‌ಪಾನಕ್ ಇಳಿಯಲಿಕ್ಕೆ. ಬೇಸಿಗೆಯಲ್ಲಿ ಸಂಗ್‌ಪಾನಕ್ ಇಳಿದವರು ಮಂಡಿ ಹಿಡಿದುಕೊಂಡು ಬೈಯುತ್ತಾರೆ. ದಾರಿ ತುಂಬ ಬಸಾಲ್ಟಿನ ಒರಟು ಗುಂಡುಕಲ್ಲು, ಪ್ರತಿ ಹೆಜ್ಜೆಗೂ ಪಾದ ಹೊರಳುತ್ತದೆ. ಚಳಿಗಾಲದಲ್ಲಿ ಆ ಕಲ್ಲುಗಳ ಸಂದೆಲ್ಲ ಹಿಮ ತುಂಬಿ, ಸಾವಿರಾರು ಜನ ತುಳಿದು ಗಟ್ಟಿ ಆಗಿರುತ್ತದೆ. ಅದೇ ದಾರಿ ಹಾಸುಗಂಬಳಿ. ಮಂಡಿಗೆ ನೋವಿಲ್ಲದೆ ಸರಸರ ಇಳಿಯಬಹುದು. ಸಮಯ ಉಳಿದರೆ ಸಾರಾ ಓರುಮ್‌ಗೂ ಹೋಗಿಬನ್ನಿ.

ತೊಂದರೆ ಒಂದೇ. ಹತ್ತಿದ ಜಾಗ ಬೇರೆ, ಇಳಿದ ಜಾಗ ಬೇರೆ. ಬಾಡಿಗೆ ಕಾರು ಗ್ವಾನುಮ್ಸಾದಲ್ಲಿ ಬಿಟ್ಟರೆ ಟ್ಯಾಕ್ಸಿಯಲ್ಲಿ ಹೋಗಿ ತರಬೇಕು. ಕಾರೇ ಬೇಡ ಅನ್ನುವುದು ನನ್ನ ಸಲಹೆ. ಸಂಗ್‌ಪಾನಕ್‌ನ ಪಾರ್ಕಿಂಗ್ ಬೆಳಕು ಹರಿಯುವ ಮೊದಲೇ ತುಂಬುತ್ತದೆ, ರಸ್ತೆ ಬದಿ ನಿಲ್ಲಿಸಿದರೆ ದಂಡ. ಬೆಳಗ್ಗೆ ಗ್ವಾನುಮ್ಸಾಕ್ಕೆ ಟ್ಯಾಕ್ಸಿ, ಸಂಜೆ ಸಂಗ್‌ಪಾನಕ್‌ನಿಂದ 281ನೇ ನಂಬರ್ ಬಸ್ಸು. ಅದು ಒಂದು ಕಡೆ ಜೇಜು ಪೇಟೆಗೂ ಇನ್ನೊಂದು ಕಡೆ ಸೊಗ್ವಿಪೊಗೂ ಹೋಗುತ್ತದೆ.

ತುದಿಯಲ್ಲಿ ಏನಿದೆ? ಬೆಂಗ್ನೊಕ್ದಾಮ್ ಅನ್ನುವ ಕುಳಿ, ನೂರು ಮೀಟರಿಗೂ ಮಿಕ್ಕಿ ಆಳ. ತಳದಲ್ಲಿ ಬಿಳಿ ತಟ್ಟೆಯಷ್ಟು ಕೆರೆ. ಅದೂ ಮೋಡ ಸರಿದರೆ. ಸರಿಯದಿದ್ದರೆ ಬೇಲಿಯ ಆಚೆ ಬರೀ ಬಿಳುಪು. ಫೋಟೋ ತೆಗೆಸಿಕೊಳ್ಳುವ ಕಲ್ಲಿನ ಮುಂದೆ ಉದ್ದದ ಸಾಲು ಇರುತ್ತದೆ, ಗಾಳಿಯಲ್ಲಿ ನಿಂತು ಕಾಯಬೇಕು. ನಾನು ಸಾಲು ಬಿಟ್ಟು ಬಂದೆ, ಇವತ್ತಿಗೂ ಬೇಸರವಿಲ್ಲ. ಲೊಕೇಶನ್ ಇರುವ ಫೋಟೋ ಒಂದು ತೆಗೆದುಕೊಂಡರೆ ಕೆಳಗೆ ಮಷೀನಿನಲ್ಲಿ 1,000 ವಾನ್‌ಗೆ ಸರ್ಟಿಫಿಕೇಟ್ ಸಿಗುತ್ತದೆ. ಅಮ್ಮನಿಗೆ ವಾಟ್ಸಾಪ್ ಮಾಡಲು ಅಷ್ಟು ಸಾಕಲ್ವಾ?

ಇನ್ನು ಯಂಗ್‌ಶಿಲ್. ಇದು ಬೆಟ್ಟದ ನೈಋತ್ಯ ಮಗ್ಗುಲು. ಹತ್ತಲು ಶುರು ಮಾಡುವ ಜಾಗವೇ ಸುಮಾರು 1,280 ಮೀಟರ್ ಎತ್ತರದಲ್ಲಿದೆ. ವಿತ್ಸೆ ಓರುಮ್ ತಂಗುದಾಣಕ್ಕೆ 3.7 ಕಿ.ಮೀ. ಅಷ್ಟೇ. ಅದು 1,700 ಮೀಟರ್ ಎತ್ತರ, ಅಂದರೆ ನಮ್ಮ ಕುಮಾರ ಪರ್ವತದ ತುದಿಯಷ್ಟು. ಒಂದು ಎಚ್ಚರಿಕೆ. 240ನೇ ನಂಬರ್ ಬಸ್ಸು ಇಳಿಸುವುದು ಕೆಳಗಿನ ಕಚೇರಿ ಹತ್ತಿರ. ಅಲ್ಲಿಂದ ಮೇಲಿನ ಪಾರ್ಕಿಂಗ್‌ವರೆಗೆ ಎರಡೂವರೆ ಕಿಲೋಮೀಟರ್ ಟಾರು ರಸ್ತೆ. ಹಿಮ ಬಿದ್ದಾಗ ಅದನ್ನೂ ನಡೆಯಬೇಕಾಗುತ್ತದೆ.

ಆದರೆ ಆಮೇಲೆ ಈ ದಾರಿ ನಿಮ್ಮನ್ನು ಕಾಯಿಸುವುದೇ ಇಲ್ಲ. ಕಾಡು ಬೇಗ ಮುಗಿದು ಮೆಟ್ಟಿಲು ಶುರುವಾಗುತ್ತದೆ. ಬಲಗಡೆ ಸಾಲಾಗಿ ನಿಂತ ಬಂಡೆಗಳು, ಐನೂರು ಸೇನಾಪತಿಗಳು ಅಂತ ಹೆಸರು. ಮಕ್ಕಳಿಗೆ ಗಂಜಿ ಕಾಯಿಸುತ್ತಿದ್ದ ತಾಯಿ ಅದೇ ಹಂಡೆಗೆ ಬಿದ್ದು ಸತ್ತಳು, ಗೊತ್ತಿಲ್ಲದೆ ಗಂಜಿ ಉಂಡ ಐನೂರು ಮಕ್ಕಳು ವಿಷಯ ತಿಳಿದು ಅತ್ತು ಅತ್ತು ಕಲ್ಲಾದರು ಅನ್ನುವುದು ಊರಿನ ಕಥೆ. ಮೆಟ್ಟಿಲು ಮುಗಿದ ಮೇಲೆ ಕೊರಿಯನ್ ಫರ್ ಮರಗಳ ಕಾಡು. ನಾನು ಹೋದಾಗ ಹಿಂದಿನ ದಿನವಿಡೀ ಮಂಜು ಕವಿದಿತ್ತಂತೆ. ಆ ಮಂಜು ಪ್ರತಿ ಕೊಂಬೆಯ ಮೇಲೆ ಐಸಾಗಿ ಕೂತಿತ್ತು. ಗಾಳಿ ಬಂದ ದಿಕ್ಕಿಗೇ ಮುಖ ಮಾಡಿ ಎರಡು ಬೆರಳು ಉದ್ದ ಬೆಳೆದಿತ್ತು. ದಾರಿ ತೋರಿಸುವ ಹಗ್ಗ ಒಂದೇ ಮಗ್ಗುಲಿಗೆ ದಪ್ಪ, ಇನ್ನೊಂದು ಮಗ್ಗುಲು ಬೋಳು. ಕೈಗವಸಿನಲ್ಲಿ ತಟ್ಟಿದರೆ ಗಾಜಿನ ಸದ್ದು ಮಾಡಿ ಉದುರುತ್ತಿತ್ತು. ಕೊರಿಯನ್ನರು ಇದನ್ನು ನೋಡಲೆಂದೇ ರಾಜಧಾನಿ ಸೋಲ್‌ನಿಂದ ವಿಮಾನ ಹತ್ತಿ ಬರುತ್ತಾರೆ. ಈ ಮರಗಳಲ್ಲಿ ಬಹಳಷ್ಟು ನಿಂತಲ್ಲೇ ಒಣಗಿವೆ. ಬಿಸಿಲು ಹೆಚ್ಚಾಗಿ, ಚಳಿಗಾಲದ ಹಿಮ ಕಡಿಮೆಯಾಗಿ ಇವು ಸಾಯುತ್ತಿವೆ. ಹಿಮ ಹೊದ್ದಾಗ ಯಾವುದು ಜೀವ ಇರುವ ಮರ, ಯಾವುದು ಸತ್ತಿದ್ದು ಗೊತ್ತಾಗುವುದಿಲ್ಲ.

ಕಾಡು ದಾಟಿದ ತಕ್ಷಣ ಬಯಲು. ಎದುರಿಗೆ ಕುಳಿಯ ಹೊರಗೋಡೆ ಕಪ್ಪಗೆ ನೆಟ್ಟಗೆ ಎದ್ದು ನಿಂತಿರುತ್ತದೆ. ತುದಿಯ ಮೇಲೆ ನಿಂತವರಿಗೆ ತುದಿ ಕಾಣುವುದಿಲ್ಲ, ಇಲ್ಲಿಂದ ಪೂರ್ತಿ ಕಾಣುತ್ತದೆ. ನನ್ನ ಮಟ್ಟಿಗೆ ಮೂರರಲ್ಲಿ ಯಂಗ್‌ಶಿಲ್ ಗೆಲ್ಲುವುದು ಈ ಜಾಗದಲ್ಲಿ. ಇಳಿಯುವಾಗ ಬಂದ ದಾರಿಯಲ್ಲೇ ಬರಬೇಡಿ. ಓರಿಮೋಕ್ ಕಡೆಗೆ 4.7 ಕಿ.ಮೀ. ಇಳಿಜಾರು, ಮೊದಲರ್ಧ ತೆರೆದ ಹಿಮದ ಬಯಲು, ದೂರದಲ್ಲಿ ಸಮುದ್ರ. ಅದೇ 240 ಬಸ್ಸು ಅಲ್ಲೂ ಸಿಗುತ್ತದೆ.

ಯಂಗ್‌ಶಿಲ್‌ನ ದೌರ್ಬಲ್ಯವನ್ನೂ ಹೇಳಬೇಕು. ಆ ಬಯಲಿನಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಕನ್ನಡಕ, ಮುಖ ಮುಚ್ಚುವ ಬಟ್ಟೆ ಇಲ್ಲದೆ ಹೋದರೆ ಹತ್ತು ನಿಮಿಷ ಕಷ್ಟ. ಜೊತೆಗೆ ಅಲ್ಲಿಗೆ ಹೋಗುವ 1100 ಹೆಸರಿನ ರಸ್ತೆ ಅಷ್ಟೇ ಮೀಟರ್ ಎತ್ತರಕ್ಕೆ ಏರುವುದರಿಂದ ಹಿಮ ಬಿದ್ದರೆ ಬೇಗ ಬಂದ್ ಆಗುತ್ತದೆ. ಭಾರಿ ಹಿಮದ ಎಚ್ಚರಿಕೆ ಕೊಟ್ಟರಂತೂ ಮೂರು ದಾರಿಯೂ ಬಂದ್.

ಸಾಮಾನಿನ ವಿಷಯದಲ್ಲಿ ಮೂರಕ್ಕೂ ಒಂದೇ ಪಟ್ಟಿ. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿಗೆ ಅಲ್ಲಿ ಐಜೆನ್ ಅನ್ನುತ್ತಾರೆ. ಪಾದದ ನಡುವೆ ಮಾತ್ರ ನಾಲ್ಕು ಮುಳ್ಳಿರುವ ಅಗ್ಗದ್ದೂ ಸಿಗುತ್ತದೆ, ರಬ್ಬರ್ ಎಳೆದು ಹಾಕುವ ಚೈನಿನದ್ದೂ ಸಿಗುತ್ತದೆ. ಚೈನಿನದ್ದೇ ತಗೊಳ್ಳಿ. ನಾಲ್ಕು ಮುಳ್ಳಿನದು ಮೆಟ್ಟಿಲ ಮೇಲೆ ಜರುಗುತ್ತದೆ, ಅಡಿಗೆ ಹಿಮದ ಮುದ್ದೆ ಕಟ್ಟಿಕೊಂಡರೆ ಹಿಮ್ಮಡಿ ಎತ್ತರಿಸಿದಂತಾಗಿ ಕಾಲು ಉಳುಕುತ್ತದೆ. ಬೂಟಿನೊಳಗೆ ಹಿಮ ಹೋಗದಂತೆ ಮೊಣಕಾಲಿನ ಕೆಳಗೆ ಕಟ್ಟುವ ಸ್ಪ್ಯಾಟ್ಸ್ ಕೂಡ ಬೇಕು. ಎಲ್ಲವೂ ಜೇಜು ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತವೆ. ಒಂದು ದಿನಕ್ಕೋಸ್ಕರ ಕೊಳ್ಳುವ ಅಗತ್ಯವಿಲ್ಲ.

ಊಟ ಹೊತ್ತೇ ಹೋಗಬೇಕು. ತಂಗುದಾಣಗಳಲ್ಲಿ ನೂಡಲ್ಸ್ ಮಾರುವುದನ್ನು 2018ರಲ್ಲಿ ನಿಲ್ಲಿಸಿದ್ದಾರೆ. ನಾವು ಕಟ್ಟಿಕೊಂಡು ಹೋದ ಚಪಾತಿ ಅಲ್ಲಿ ಮುರಿದರೆ ಚೂರಾಗುತ್ತಿತ್ತು. ಫ್ಲಾಸ್ಕಿನಲ್ಲಿ ಕುದಿನೀರು, ಕಪ್ ನೂಡಲ್ಸ್, ಖರ್ಜೂರ, ಕಡಲೆ ಚಿಕ್ಕಿ, ಇಷ್ಟು ಸಾಕು. ಸಸ್ಯಾಹಾರಿಗಳಾಗಿದ್ದರೆ ಕಪ್ಪಿನ ಮೇಲಿನ ಪಟ್ಟಿ ಓದಿ ಕೊಳ್ಳಿ. ಮಿಕ್ಕ ಸಾರನ್ನು ಹಿಮದ ಮೇಲೆ ಚೆಲ್ಲಬೇಡಿ, ಕುಡಿದು ಮುಗಿಸಿ. ಆ ಉಪ್ಪುನೀರು ಹಳ್ಳಕ್ಕಿಳಿದರೆ ಅಲ್ಲಿನ ಹುಳ, ಕಪ್ಪೆಗಳಿಗೆ ಕುತ್ತು ಅಂತ ಪಾರ್ಕ್‌ನವರು ಬ್ಯಾನರ್ ಕಟ್ಟಿದ್ದಾರೆ.

ನಾನಾದರೆ ಹೀಗೆ ಮಾಡುತ್ತೇನೆ. ಜೇಜುವಿನಲ್ಲಿ ಕೈಯಲ್ಲಿ ಎರಡು ದಿನ ಇಟ್ಟುಕೊಂಡು, ಮೊದಲ ದಿನಕ್ಕೆ ಗ್ವಾನುಮ್ಸಾ ಬುಕ್ ಮಾಡುತ್ತೇನೆ. ಹಿಂದಿನ ರಾತ್ರಿ ಗಾಳಿಯ ಮುನ್ಸೂಚನೆ ನೋಡುತ್ತೇನೆ. ಮೇಲೆ ಗಾಳಿ ಜೋರಿದ್ದರೆ, ಮೋಡ ಇದ್ದರೆ ತುದಿ ಕೈಬಿಟ್ಟು ಮರುದಿನ ಯಂಗ್‌ಶಿಲ್. ಸೋಮವಾರ ಬೆಳಗಿನ ಮೀಟಿಂಗಿಗೆ ಮಾತು ಕೊಡುವುದಿಲ್ಲ, ಯಾಕಂದರೆ ಹಿಮ ಬಿದ್ದರೆ ಜೇಜು ವಿಮಾನ ನಿಲ್ದಾಣವೇ ಮುಚ್ಚುವುದುಂಟು. ತುದಿಗೆ ಹೋಗುವುದಿಲ್ಲ ಅಂತಾದರೆ ಬುಕಿಂಗ್ ರದ್ದು ಮಾಡಿಬಿಡಿ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಮುಂದಿನ ಕೆಲವು ತಿಂಗಳು ನಿಮಗೆ ಬುಕಿಂಗ್ ಕೊಡುವುದಿಲ್ಲ. ಅಲ್ಲದೆ ಆ ಐನೂರರಲ್ಲಿ ಒಂದು ಜಾಗಕ್ಕೆ ರಾತ್ರಿಯೆಲ್ಲ ಫೋನ್ ರಿಫ್ರೆಶ್ ಮಾಡುತ್ತಾ ಕೂತವರು ಇರುತ್ತಾರೆ.