ಶಿಕಾರಿ ಪುಸ್ತಕಗಳ ಲಿಮಿಟೆಡ್ ಎಡಿಷನ್: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಚರ್ಮದ ರಟ್ಟು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಬಟ್ಟೆ ಹೊದಿಸಿದ ಸ್ಲಿಪ್‌ಕೇಸ್ (ಪುಸ್ತಕವನ್ನು ಬೆನ್ನು ಹೊರಗೆ ಕಾಣುವ ಹಾಗೆ ತೂರಿಸಿಡುವ ಪೆಟ್ಟಿಗೆ), ಪುಸ್ತಕದ ಒಳಗೆ ಒಂದು ಸಹಿ, ಸಹಿಯ ಕೆಳಗೆ ಪ್ರತಿಯ ಸಂಖ್ಯೆ. ಆನೆ, ಸಿಂಹ, ಹುಲಿ, ಕಾಡುಕೋಣಗಳ ಬೇಟೆಯ ಹಳೆಯ ಕಥನಗಳನ್ನು ಇಷ್ಟಪಡುವವರಿಗೆ ಇಂಥ ಪುಸ್ತಕ ಕಂಡರೆ ಕೈ ತಡೆಯುವುದು ಕಷ್ಟ. ಮಾರುವವರಿಗೂ ಅದು ಚೆನ್ನಾಗಿ ಗೊತ್ತು. "ಇದು ಬರೀ ಪುಸ್ತಕ ಅಲ್ಲ, ಆಸ್ತಿ. ಸಾವಿರ ಪ್ರತಿ ಮಾತ್ರ. ಮುಗಿದ ಮೇಲೆ ಬೆಲೆ ಏರುತ್ತಲೇ ಹೋಗುತ್ತದೆ" ಅಂತ ನನಗೆ ಹೇಳಿದರು. ಹೀಗೆ ಒಬ್ಬ ಪ್ರಕಾಶಕರಿಂದ ಮತ್ತು ಒಬ್ಬ ಹಳೆ ಪುಸ್ತಕದ ವ್ಯಾಪಾರಿಯಿಂದ ಕೆಲವು ವರ್ಷ ಒಂದೊಂದಾಗಿ ತರಿಸಿಕೊಂಡೆ. ಮಾರಲು ಹೊರಟಾಗ ಕೊಟ್ಟ ದುಡ್ಡಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಅಷ್ಟೇ. ಒಂದು ಪುಸ್ತಕವನ್ನಂತೂ ಇವತ್ತಿಗೂ ಮಾರಲು ಆಗಿಲ್ಲ. ಯಾಕೆ ಹೀಗಾಯಿತು ಅಂತ ವಿವರವಾಗಿ ಬರೆಯುತ್ತಿದ್ದೇನೆ. ಇನ್ನೊಬ್ಬರ ದುಡ್ಡು ಇದೇ ದಾರಿಯಲ್ಲಿ ಹೋಗಬಾರದು.

"ಸಾವಿರ ಪ್ರತಿ ಮಾತ್ರ" ಅನ್ನುವ ಮಾತನ್ನೇ ಮೊದಲು ನೋಡೋಣ. ಅದು ಎಷ್ಟು ಪ್ರತಿ ಅಚ್ಚಾಗಿದೆ ಅಂತ ಹೇಳುತ್ತದೆ. ಎಷ್ಟು ಜನಕ್ಕೆ ಬೇಕು ಅಂತ ಹೇಳುವುದಿಲ್ಲ. ಐನೂರು ಜನಕ್ಕೆ ಬೇಕಾದ ಪುಸ್ತಕ ಸಾವಿರ ಅಚ್ಚಾಗಿದ್ದರೆ ಅದು ಅಪರೂಪದ್ದು ಹೇಗಾಗುತ್ತದೆ? ಶಿಕಾರಿ ಪುಸ್ತಕ ಸಂಗ್ರಹಿಸುವವರ ಬಳಗವೇ ಚಿಕ್ಕದು. ಬೇಕಾದವರೆಲ್ಲ ಪುಸ್ತಕ ಹೊರಬಂದ ಮೊದಲ ತಿಂಗಳಲ್ಲೇ ಕೊಂಡಿರುತ್ತಾರೆ. ಆಮೇಲೆ ನೀವು ಮಾರಲು ಹೋದರೆ ಕೊಳ್ಳುವವರು ಯಾರು? ನಿಮ್ಮ ಹಾಗೆಯೇ ಒಂದು ಪ್ರತಿ ಇಟ್ಟುಕೊಂಡು, ತಾವೂ ಮಾರಲು ಕಾಯುತ್ತಿರುವವರೇ ಅಲ್ವಾ?

ನಿಜವಾಗಿ ಅಪರೂಪವಾದ ಪುಸ್ತಕಗಳು ಹೇಗೆ ಅಪರೂಪವಾದವು ಅಂತ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಜಿಮ್ ಕಾರ್ಬೆಟ್ 1935ರಲ್ಲಿ "ಜಂಗಲ್ ಸ್ಟೋರೀಸ್" ಎಂಬ ಸಣ್ಣ ಪುಸ್ತಕವನ್ನು ಖಾಸಗಿಯಾಗಿ ಅಚ್ಚು ಹಾಕಿಸಿದರು. 100 ಪ್ರತಿ ಮಾತ್ರ. ಅದರಲ್ಲಿ ಸ್ಲಿಪ್‌ಕೇಸ್ ಇಲ್ಲ, ಚಿನ್ನದ ಅಕ್ಷರ ಇಲ್ಲ, "ಸಂಗ್ರಾಹಕರಿಗಾಗಿ" ಅನ್ನುವ ಮಾತಿಲ್ಲ. ಅದೇ ಬೆಳೆದು 1944ರಲ್ಲಿ ಕುಮಾವೋನಿನ ನರಭಕ್ಷಕಗಳ ಪುಸ್ತಕವಾಗಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು. ಆ ಮೊದಲ ನೂರು ಪ್ರತಿಗಳನ್ನು ಆಸ್ತಿ ಅಂತ ಯಾರೂ ಎತ್ತಿಡಲಿಲ್ಲ. ಇಂಥ ಪುಸ್ತಕಗಳನ್ನು ಜನ ಓದುತ್ತಾರೆ, ಪರಿಚಯದವರಿಗೆ ಕೊಡುತ್ತಾರೆ. ಕೆಲವು ಕಳೆದುಹೋಗುತ್ತವೆ, ಕೆಲವನ್ನು ಹುಳ ತಿನ್ನುತ್ತದೆ. ಉಳಿಯುವುದು ಬೆರಳೆಣಿಕೆ. ಅದಕ್ಕೇ ಬೆಲೆ.

ಈಗಿನ ಲಿಮಿಟೆಡ್ ಎಡಿಷನ್ನಿನದು ಪೂರ್ತಿ ಉಲ್ಟಾ. ಕೊಂಡ ದಿನದಿಂದಲೇ ಎಲ್ಲರೂ ಜೋಪಾನ ಮಾಡುತ್ತಾರೆ. ಪ್ಲಾಸ್ಟಿಕ್ ಕೂಡ ಬಿಚ್ಚುವುದಿಲ್ಲ. ಮೂವತ್ತು ವರ್ಷ ಆದ ಮೇಲೂ ಸಾವಿರಕ್ಕೆ ಹೆಚ್ಚುಕಡಿಮೆ ಸಾವಿರವೂ ಹೊಸದರ ಹಾಗೇ ಇರುತ್ತವೆ. ಹಾಗಿರುವಾಗ ನಿಮ್ಮ ಪ್ರತಿಗೆ ಯಾರು ಹೆಚ್ಚು ಕೊಡಬೇಕು?

ಪ್ರತಿಯ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. 1ರಿಂದ 1000ದ ತನಕ ಸಂಖ್ಯೆ ಹಾಕಿದ ಪ್ರತಿಗಳ ಜೊತೆಗೆ ಸಂಖ್ಯೆಯ ಬದಲು ಅಕ್ಷರ ಹಾಕಿದ ಪ್ರತಿಗಳು, "ಗೌರವ ಪ್ರತಿ"ಗಳು, ಸಂಖ್ಯೆಯೇ ಇಲ್ಲದ ಹೆಚ್ಚುವರಿ ಪ್ರತಿಗಳು ಇರುವುದುಂಟು. ನನ್ನ ಪ್ರಕಾಶಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಚರ್ಮದ ಆವೃತ್ತಿ ಮಾರಿ ಮುಗಿದ ಮೇಲೆ ಅದೇ ಪಠ್ಯ, ಅದೇ ಫೋಟೋ, ಅದೇ ಪುಟಸಂಖ್ಯೆ ಇಟ್ಟು ಬಟ್ಟೆ ರಟ್ಟಿನಲ್ಲಿ ತಂದರು. ಆಮೇಲೆ ಪೇಪರ್‌ಬ್ಯಾಕ್ ಬಂತು. ಕೇಳಿದರೆ, "ಸೀಮಿತ ಅಂದದ್ದು ಚರ್ಮದ ಆವೃತ್ತಿಗೆ ಮಾತ್ರ" ಅಂತ ಉತ್ತರ. ಕಾನೂನಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ ಇರಬಹುದು. ಆದರೆ ಮಾರುವಾಗ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಪುಸ್ತಕವನ್ನು ಓದಬೇಕು ಅನ್ನುವವರೆಲ್ಲ ಅಗ್ಗದ ಪ್ರತಿಯ ಕಡೆ ಹೋದರು. ನನ್ನ ಪ್ರತಿಗೆ ಉಳಿದದ್ದು ಚರ್ಮದ ಆಸೆ ಇರುವವರು ಮಾತ್ರ.

ಸಹಿಯದು ಬೇರೆಯೇ ಕಥೆ. ಇಂಗ್ಲೆಂಡಿನ ಬೇಟೆಗಾರ ಫ್ರೆಡರಿಕ್ ಸೆಲೂಸ್ ಆಫ್ರಿಕಾ ಬೇಟೆಯ ಬಗ್ಗೆ ಬರೆದ ಮೊದಲ ಪುಸ್ತಕ 1881ರಲ್ಲಿ ಬಂದದ್ದು. ಅದರ ಈಚಿನ ಚಂದದ ಮರುಮುದ್ರಣವೊಂದನ್ನು ವ್ಯಾಪಾರಿ "ಸಹಿ ಇರುವ, ಸಂಖ್ಯೆ ಇರುವ ಪ್ರತಿ" ಅಂತ ಪಟ್ಟಿಯಲ್ಲಿ ಹಾಕಿದ್ದರು. ಸೆಲೂಸ್ 1917ರಲ್ಲಿ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಗುಂಡೇಟು ಬಿದ್ದು ತೀರಿಕೊಂಡವರು. ಅವರ ಸಹಿ ಮರುಮುದ್ರಣದಲ್ಲಿ ಇರುವುದು ಸಾಧ್ಯವಿಲ್ಲ. ಅಲ್ಲಿದ್ದದ್ದು ಹೊಸ ಮುನ್ನುಡಿ ಬರೆದವರ ಸಹಿ. ಪಟ್ಟಿಯಲ್ಲಿ ಸಹಿ ಯಾರದ್ದು ಅಂತ ಇರಲೇ ಇಲ್ಲ. ಮೂಲ ಲೇಖಕರು ಸಹಿ ಹಾಕಿದ ಹಳೆಯ ಹಾಳೆಯನ್ನು ಒಳಗೆ ಅಂಟಿಸಿರಬೇಕು ಅಂತ ಅನಿಸುವ ಹಾಗೆ ವಿವರಣೆ ಬರೆದಿದ್ದರು. ಪುಸ್ತಕ ವಾಪಸ್ ತೆಗೆದುಕೊಳ್ಳಿ ಅಂದೆ. "ಸಹಿ ಇದೆ ಅಂದೆವು, ಸಹಿ ಇದೆಯಲ್ಲ" ಅಂದರು. ಮುನ್ನುಡಿಕಾರರು ಈ ವಿಷಯ ಬಲ್ಲವರೇ, ಅವರ ಬಗ್ಗೆ ನನ್ನ ದೂರಿಲ್ಲ. ಆದರೆ ಅವರ ಸಹಿಗೆ ಯಾರೂ ಜಾಸ್ತಿ ದುಡ್ಡು ಕೊಡುವುದಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನೂ ಹೇಳಬೇಕು. ಇಲ್ಲದಿದ್ದರೆ ಲಿಮಿಟೆಡ್ ಎಡಿಷನ್ ಎಲ್ಲವೂ ಮೋಸ ಅಂತ ನಾನು ಹೇಳಿದ ಹಾಗಾಗುತ್ತದೆ. ಥಿಯೋಡರ್ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷ ಹುದ್ದೆಯಿಂದ ಇಳಿದ ಮೇಲೆ 1909ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗಾಗಿ ಪ್ರಾಣಿಗಳ ಮಾದರಿ ಸಂಗ್ರಹಿಸಲು ಆಫ್ರಿಕಾಕ್ಕೆ ಹೋದರು. ಆ ಬೇಟೆಯ ಕಥನ 1910ರಲ್ಲಿ ಬಂದಾಗ, ಎರಡು ಸಂಪುಟಗಳ 500 ಪ್ರತಿಗಳಿಗೆ ಸ್ವತಃ ಸಹಿ ಹಾಕಿದರು. ಆ ಪ್ರತಿಗಳನ್ನು ಇವತ್ತಿಗೂ ಜನ ಹುಡುಕುತ್ತಾರೆ. ಅದು ಮರುಮುದ್ರಣ ಅಲ್ಲ, ಸಹಿಯೂ ಪುಸ್ತಕ ಬರೆದವರದ್ದೇ. ಬೇಟೆಯ ಗಂಧವೇ ಇಲ್ಲದವರಿಗೂ ಅಧ್ಯಕ್ಷರ ಸಹಿ ಬೇಕು. ಇತಿಹಾಸದವರು, ಸಹಿ ಸಂಗ್ರಹಿಸುವವರು, ಶಿಕಾರಿ ಪುಸ್ತಕದವರು ಎಲ್ಲ ಒಟ್ಟಿಗೆ ಬರುತ್ತಾರೆ. ಈಚಿನ ಚರ್ಮದ ಮರುಮುದ್ರಣಕ್ಕೆ ಅಂಥ ಮೂರು ಬಳಗ ಎಲ್ಲಿಂದ ಬರಬೇಕು?

"ಫಸ್ಟ್ ಎಡಿಷನ್" ಅನ್ನುವುದಕ್ಕೂ ಸುಮ್ನೆ ಮರುಳಾಗಬೇಡಿ. ಕಾರ್ಬೆಟ್ ಅವರ ಅದೇ ನರಭಕ್ಷಕಗಳ ಪುಸ್ತಕದ ಅಮೆರಿಕನ್ ಮುದ್ರಣ ಬಂದದ್ದು 1946ರಲ್ಲಿ. ತಿಂಗಳು ತಿಂಗಳೂ ಪುಸ್ತಕ ಆರಿಸಿ ತನ್ನ ಸದಸ್ಯರಿಗೆ ಕಳಿಸುತ್ತಿದ್ದ ಅಲ್ಲಿನ ಬುಕ್ ಆಫ್ ದ ಮಂತ್ ಕ್ಲಬ್ ಅದನ್ನು ಆಯ್ಕೆ ಮಾಡಿಕೊಂಡಿತ್ತು. ಹಾಗಾಗಿ ಲಕ್ಷಗಟ್ಟಲೆ ಪ್ರತಿ ಅಚ್ಚಾದವು. ಹಳೆ ಪುಸ್ತಕದ ರಾಶಿಯಲ್ಲಿ ಅದು ಈಗಲೂ ಸುಲಭವಾಗಿ ಸಿಗುತ್ತದೆ. ಅದನ್ನೇ "1946, ಫಸ್ಟ್ ಎಡಿಷನ್" ಅಂತ ಮೂರು ಪಟ್ಟು ಬೆಲೆ ಹಾಕಿ ಮಾರುವವರನ್ನು ನೋಡಿದ್ದೇನೆ.

ಪ್ರಕಾಶಕರ ಹೆಸರೂ ದಾರಿ ತಪ್ಪಿಸುತ್ತದೆ. ಯೂಜೀನ್ ಕಾನೆಟ್ 1927ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಡೆರಿಡೇಲ್ ಪ್ರೆಸ್ ಬೇಟೆ ಮತ್ತು ಮೀನುಗಾರಿಕೆಯ ಪುಸ್ತಕಗಳನ್ನು ಸಂಖ್ಯೆ ಹಾಕಿ ತರುತ್ತಿತ್ತು. ಹಲವು ಪುಸ್ತಕಗಳು 950 ಪ್ರತಿಯವು. ಒಳ್ಳೆಯ ಕಾಗದ, ಒಳ್ಳೆಯ ಅಚ್ಚು. ಅದು 1940ರ ದಶಕದಲ್ಲಿ ನಿಂತುಹೋಯಿತು. ಅದೇ ಹೆಸರನ್ನು ಎಷ್ಟೋ ವರ್ಷಗಳ ನಂತರ ಬೇರೆಯವರು ಬಳಸಿ ಪುಸ್ತಕ ತಂದಿದ್ದಾರೆ. ಹೆಸರು ಮಾತ್ರ ನೋಡಿ ಕೊಂಡರೆ ಹಳೆಯದರ ಬೆಲೆಗೆ ಹೊಸದು ಬರುತ್ತದೆ. ಲಂಡನ್ನಿನ ರೋಲಂಡ್ ವಾರ್ಡ್ 1892ರಲ್ಲಿ ಶುರುಮಾಡಿದ ಬೇಟೆಯ ದಾಖಲೆ ಪುಸ್ತಕವೂ ಅಷ್ಟೇ. ಕೊಂಬು, ದಂತಗಳ ಅಳತೆಯ ಪಟ್ಟಿ ಅದು. ಈತನಕ 25ಕ್ಕೂ ಹೆಚ್ಚು ಆವೃತ್ತಿ ಬಂದಿವೆ. ಮೊದಲಿನ ಕೆಲವಕ್ಕೆ ಬೆಲೆ ಇದೆ. ಈಚಿನ ಒಂದು ಆವೃತ್ತಿಯ ಮೇಲೆ ಚರ್ಮ ಹೊದಿಸಿದರೆ, ಮುಂದಿನ ಆವೃತ್ತಿ ಬಂದ ಕೂಡಲೇ ಅದು ಹಳೆಯ ಪಟ್ಟಿಯಾಗುತ್ತದೆ.

ಇನ್ನು ಚರ್ಮ. ನನ್ನ ಪುಸ್ತಕಗಳಲ್ಲಿ ಕೆಲವಕ್ಕೆ ಹೊದಿಸಿದ್ದು ಬಾಂಡೆಡ್ ಲೆದರ್. ಚರ್ಮದ ಚೂರುಗಳನ್ನು ಪುಡಿಮಾಡಿ, ಪ್ಲಾಸ್ಟಿಕ್ ಅಂಟಿನ ಜೊತೆ ಹಾಳೆಯಾಗಿ ಒತ್ತಿ, ಮೇಲೆ ಚರ್ಮದ ಗೆರೆ ಮೂಡಿಸಿರುತ್ತಾರೆ. ಹೊಸದಾಗಿದ್ದಾಗ ಬಹಳ ಚಂದ. ಕೆಲವು ವರ್ಷಕ್ಕೆ ಬೆನ್ನು ಮಡಚುವ ಜಾಗದಲ್ಲಿ ಬಿರಿಯುತ್ತದೆ, ಪದರ ಪದರ ಏಳುತ್ತದೆ. ಇದನ್ನು ರಿಪೇರಿ ಮಾಡಲು ಬೈಂಡರುಗಳೂ ಒಪ್ಪುವುದಿಲ್ಲ, ಪೂರ್ತಿ ರಟ್ಟು ಬದಲಿಸಿ ಅನ್ನುತ್ತಾರೆ. ರಟ್ಟು ಬದಲಿಸಿದ ಮೇಲೆ ಲಿಮಿಟೆಡ್ ಎಡಿಷನ್ ಅಂತ ಯಾರು ಒಪ್ಪುತ್ತಾರೆ? ಸ್ಲಿಪ್‌ಕೇಸಿನಲ್ಲಿಟ್ಟರೆ ಸುರಕ್ಷಿತ ಅಂದುಕೊಳ್ಳುತ್ತೇವೆ. ಹೊರಗೆ ಕಾಣುವ ಬೆನ್ನು ಮಾತ್ರ ಬೆಳಕಿಗೆ ಮಾಸಿ, ಉಳಿದ ರಟ್ಟಿನ ಬಣ್ಣಕ್ಕೆ ಹೊಂದದ ಹಾಗಾಗುತ್ತದೆ. ತೇವ ಜಾಸ್ತಿ ಇದ್ದರೆ ಒಳಗೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಹೊಳಪು ಕಾಗದದ ಫೋಟೋ ಪುಟಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸಲೇ ಆಗದು.

ಮಾರಲಾಗದೆ ಉಳಿದ ಪುಸ್ತಕ ಅಂದೆನಲ್ಲ, ಅದಕ್ಕೆ ಆನೆಯ ಚರ್ಮ ಹೊದಿಸಿದ್ದಾರೆ. ಆ ಆವೃತ್ತಿಯ ಹೆಗ್ಗಳಿಕೆಯೇ ಅದು ಅಂತ ಪ್ರಚಾರ ಮಾಡಿದ್ದರು. ಎರಡು ಪಟ್ಟು ಬೆಲೆ. ಮಾರಲು ಹೋದಾಗ ಹರಾಜು ಸಂಸ್ಥೆಯವರು ಮೊದಲು ಕೇಳಿದ್ದೇ ಪರವಾನಗಿ ಪತ್ರ. ಅಳಿವಿನ ಅಂಚಿನಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಿಂದ ಜಾರಿಯಲ್ಲಿದೆ. 1989ರಲ್ಲಿ ಆಫ್ರಿಕಾದ ಆನೆಯನ್ನು ಅದರ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದರು. ಆಮೇಲೆ ಕೆಲವು ದೇಶಗಳ ಆನೆಗಳಿಗೆ ಸ್ವಲ್ಪ ಸಡಿಲಿಕೆ ಕೊಟ್ಟರೂ, ಚರ್ಮ ಗಡಿ ದಾಟಬೇಕಾದರೆ ಕಾಗದಪತ್ರ ಬೇಕೇ ಬೇಕು. ಪುಸ್ತಕದ ರಟ್ಟು ಅಂತ ವಿನಾಯಿತಿ ಇಲ್ಲ. ಯಾವ ದೇಶದ ಆನೆ, ಯಾವಾಗ ಸಿಕ್ಕ ಚರ್ಮ ಅಂತ ತೋರಿಸುವ ಒಂದು ಕಾಗದವನ್ನೂ ಪ್ರಕಾಶಕರು ಕೊಟ್ಟಿರಲಿಲ್ಲ. ಬರೆದು ಕೇಳಿದರೂ ಕೊಡಲಿಲ್ಲ. ಕಾಗದ ಇಲ್ಲದೆ ಕಳಿಸಿದರೆ ಕಸ್ಟಮ್ಸ್‌ನಲ್ಲಿ ಜಪ್ತಿಯಾಗಬಹುದು, ಕಳಿಸಿದವರ ಮೇಲೆ ಮೊಕದ್ದಮೆಯೂ ಆಗಬಹುದು. ಕೆಲವು ಕಡೆ ದೇಶದ ಒಳಗೇ ಮಾರಲೂ ಅನುಮತಿ ಬೇಕು. ಈ ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಬೇರೆ ನಷ್ಟ ದುಡ್ಡಿನದು. ಇದು ಏನೂ ಗೊತ್ತಿಲ್ಲದ ಓದುಗರನ್ನು ಕಾನೂನಿನ ತೊಡಕಿಗೆ ತಳ್ಳುವ ಕೆಲಸ.

ಮಾರುವ ಹೊತ್ತಿನ ಲೆಕ್ಕವನ್ನು ಕೊಳ್ಳುವ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. ವ್ಯಾಪಾರಿಗೆ ಮಾರಿದರೆ, ಅವರು ಎಷ್ಟಕ್ಕೆ ಮಾರಬಹುದೋ ಅದರ ಅರ್ಧವನ್ನೂ ಕೊಡುವುದು ಕಷ್ಟ. ಅವರಿಗೂ ಅಂಗಡಿ ನಡೆಯಬೇಕು, ಪುಸ್ತಕ ವರ್ಷಗಟ್ಟಲೆ ಕೂತಿರಬಹುದು. ಹರಾಜಿಗೆ ಹಾಕಿದರೆ ಮಾರುವವರಿಂದ ಕಮಿಷನ್ ಹಿಡಿಯುತ್ತಾರೆ. ಕೊಳ್ಳುವವರೂ ಕೂಗಿದ ಬೆಲೆಯ ಮೇಲೆ ಹೆಚ್ಚುವರಿ ಕೊಡಬೇಕು. ದೊಡ್ಡ ಸಂಸ್ಥೆಗಳಲ್ಲಿ ಅದು ಶೇ 20ಕ್ಕಿಂತ ಹೆಚ್ಚೇ ಇರುತ್ತದೆ. ಅದನ್ನೆಲ್ಲ ಲೆಕ್ಕ ಹಾಕಿಯೇ ಅವರು ಕೂಗುತ್ತಾರೆ, ಹಾಗಾಗಿ ಆ ಭಾರವೂ ನಿಮ್ಮ ಮೇಲೇ ಬೀಳುತ್ತದೆ. ಈ ಪುಸ್ತಕಗಳು ತೂಕ ಬೇರೆ. ಸಾಗಣೆ, ವಿಮೆ ಎಲ್ಲ ಕಳೆದರೆ ಕೈಗೆ ಬರುವುದು ಎಷ್ಟು ಅಂತ ನೀವೇ ಯೋಚಿಸಿ.

ಕೊಳ್ಳುವ ಬಳಗವೂ ಬೆಳೆಯುತ್ತಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಕೀನ್ಯಾ 1977ರಲ್ಲಿ ಬೇಟೆ ನಿಷೇಧಿಸಿತು. ಸಫಾರಿ ಬೇಟೆಯ ನೆನಪು ಇರುವ ತಲೆಮಾರಿಗೆ ಈಗ ವಯಸ್ಸಾಗಿದೆ. ನನ್ನ ಪುಸ್ತಕ ನೋಡಿದ ವ್ಯಾಪಾರಿಯೊಬ್ಬರು ನೇರವಾಗಿ ಹೇಳಿದರು: ತೀರಿಕೊಂಡ ಸಂಗ್ರಾಹಕರ ಮನೆಯವರು ಕಪಾಟು ಕಪಾಟೇ ತಂದಿಡುತ್ತಾರೆ, ಇಂಥ ಚರ್ಮದ ಸೆಟ್ಟುಗಳು ತಮ್ಮ ಹತ್ತಿರವೇ ಬೇಕಾದಷ್ಟಿವೆ. ಕಾಡು, ಪ್ರಾಣಿ, ಆ ಕಾಲದ ಬದುಕು ತಿಳಿಯಲು ಈ ಪುಸ್ತಕಗಳನ್ನು ಓದುವ ಹೊಸಬರು ಇದ್ದಾರೆ, ನನಗೆ ಅದು ಸಂತೋಷದ ವಿಷಯ. ಅವರಿಗೆ ಬೇಕಾದ್ದು ಪಠ್ಯ. ಸೆಲೂಸ್ ಆಗಲಿ, ಕೀನ್ಯಾದ ತ್ಸಾವೋದಲ್ಲಿನ ನರಭಕ್ಷಕ ಸಿಂಹಗಳ ಬಗ್ಗೆ 1907ರಲ್ಲಿ ಪುಸ್ತಕ ತಂದ ಪ್ಯಾಟರ್ಸನ್ ಆಗಲಿ, ಅವರ ಹಳೆಯ ಪುಸ್ತಕಗಳ ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ. ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಇಷ್ಟೆಲ್ಲ ಆದಮೇಲೂ ಕೊಳ್ಳಲೇಬೇಕು ಅನಿಸಿದರೆ, ಮಾರುವವರಿಗೆ ಮೊದಲು ಒಂದು ಪತ್ರ ಬರೆಯಿರಿ. ಸಹಿ ಯಾರದ್ದು? ಪಠ್ಯ ಮೊದಲ ಸಲ ಅಚ್ಚಾಗುತ್ತಿದೆಯೋ, ಮರುಮುದ್ರಣವೋ? ಸಂಖ್ಯೆ ಹಾಕಿದ ಪ್ರತಿಗಳ ಹೊರಗೆ ಇನ್ನೆಷ್ಟು ಪ್ರತಿ ಇವೆ? ಅಗ್ಗದ ಆವೃತ್ತಿ ಬರುತ್ತದೆಯೇ? ರಟ್ಟಿಗೆ ಹೊದಿಸಿದ್ದು ಯಾವ ಪ್ರಾಣಿಯ ಚರ್ಮ, ಅದಕ್ಕೆ ಕಾಗದ ಇದೆಯೇ? ಡಸ್ಟ್ ಜಾಕೆಟ್ (ರಟ್ಟಿನ ಮೇಲಿನ ಕಾಗದದ ಹೊದಿಕೆ) ಇದ್ದರೆ ಅದು ಮೂಲದ್ದೋ, ಈಚೆಗೆ ನಕಲು ಮಾಡಿ ಹೊದಿಸಿದ್ದೋ? ಈ ಕೊನೆಯದನ್ನು ಮರೆಯಬೇಡಿ. 20ನೇ ಶತಮಾನದ ಪುಸ್ತಕಗಳಲ್ಲಿ ಬೆಲೆಯ ದೊಡ್ಡ ಪಾಲು ಮೂಲ ಜಾಕೆಟ್ಟಿನದ್ದೇ. ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಉಳಿಯುವುದಿಲ್ಲ. ಬೆಲೆ ಹೋಲಿಸುವಾಗ ಮಾರಾಟಕ್ಕಿಟ್ಟ ಬೆಲೆ ನೋಡಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಹರಾಜು ಸಂಸ್ಥೆಗಳು ಹಳೆಯ ಫಲಿತಾಂಶಗಳನ್ನು ಪ್ರಕಟಿಸುತ್ತವೆ. ನನಗೆ ಮಾರಿದವರು ತೋರಿಸಿದ್ದ ಬೆಲೆಗಳೆಲ್ಲ ಇನ್ನೂ ಮಾರಾಟವಾಗದೆ ಕೂತಿದ್ದ ಪ್ರತಿಗಳವು.