‘ಡೆತ್ ನೋಟ್’ ಮುಖಪುಟ: ಜಪಾನಿನದ್ದು, ವಿಜ್‌ನದ್ದು, ಕಪ್ಪಂಚಿನದ್ದು

ಜಪಾನಿನ ಮಂಗಾ (ಚಿತ್ರಕಥೆ) ‘ಡೆತ್ ನೋಟ್’ ಇಂಗ್ಲಿಷಿಗೆ ಬಂದಾಗ ಮುಖಪುಟದ ಚಿತ್ರವೇ ಬದಲಾಯಿತೇ? ಇಲ್ಲ. ತಕೇಶಿ ಒಬಾಟ ಬರೆದ ಚಿತ್ರಗಳನ್ನೇ ಅಮೆರಿಕದ ಪ್ರಕಾಶನ ಸಂಸ್ಥೆ ವಿಜ್ ಮೀಡಿಯಾ ತನ್ನ 12 ಸಂಪುಟಗಳಿಗೂ ಬಳಸಿದೆ. ಜಪಾನಿನಲ್ಲೂ ಹೆಸರು ದೊಡ್ಡದಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇದ್ದದ್ದು ಅನುಕೂಲವಾಯಿತು. ವ್ಯತ್ಯಾಸವೆಲ್ಲ ಕಾಗದದಲ್ಲಿದೆ.

ಜಪಾನಿನ ಮೂಲ ಪ್ರಕಾಶಕ ಶುಯೇಶಾದ ಜಂಪ್ ಕಾಮಿಕ್ಸ್ ಮಾಲೆಯ ಪುಸ್ತಕಗಳಿಗೆ ಬಿಡಿ ಜಾಕೆಟ್, ಅಂದರೆ ತೆಗೆಯಬಹುದಾದ ಹೊರಹೊದಿಕೆ ಇರುತ್ತದೆ. ಹೊಸ ಪ್ರತಿಯಾದರೆ ಅದರ ಮೇಲೊಂದು ಓಬಿ, ಅಂದರೆ ಜಾಹೀರಾತಿನ ಕಾಗದಪಟ್ಟಿ. ಕರ್ತೃವಿನ ನಾಲ್ಕು ಮಾತು ಜಾಕೆಟ್ಟಿನ ಮಡಿಕೆಯಲ್ಲಿ. ವಿಜ್ ಪ್ರತಿಗೆ ಜಾಕೆಟ್ಟೇ ಇಲ್ಲ, ಲ್ಯಾಮಿನೇಟ್ ಆದ ರಟ್ಟಿನ ಮೇಲೇ ಚಿತ್ರ. ಹಾಗಾಗಿ ಮಡಿಕೆಯ ಮಾತು ಒಳಪುಟಕ್ಕೆ ಸರಿಯುತ್ತದೆ, ಓಬಿ ಮಾಯವಾಗುತ್ತದೆ.

ಅಳತೆಯೂ ಬೇರೆ. ಜಂಪ್ ಕಾಮಿಕ್ಸ್ ಸುಮಾರು 11.3×17.6 ಸೆಂ.ಮೀ., ವಿಜ್ 12.7×19. ಅಗಲಕ್ಕೆ ಸರಿಹೊಂದುವಂತೆ ಚಿತ್ರ ಹಿಗ್ಗಿಸಿದರೆ ಎತ್ತರ 19.8ಕ್ಕೆ ಹೋಗುತ್ತದೆ. ಆ 8 ಮಿ.ಮೀ. ಮೇಲೋ ಕೆಳಗೋ ಕತ್ತರಿಗೆ ಸಿಗಲೇಬೇಕು. ಎರಡನ್ನೂ ಪಕ್ಕದಲ್ಲಿಟ್ಟು ಅಂಚು ನೋಡದಿದ್ದರೆ ಇದು ಗೊತ್ತಾಗುವುದೇ ಇಲ್ಲ. ಬೆನ್ನು ಮಾತ್ರ ಎರಡರಲ್ಲೂ ಬಲಕ್ಕೇ ಇದೆ, ಓದು ಬಲದಿಂದ ಎಡಕ್ಕೆ.

ವಿಜ್ ರಟ್ಟಿನ ನಿಜವಾದ ತೊಂದರೆ ತೇವ. ಲ್ಯಾಮಿನೇಶನ್ ಹೊರಮೈಗೆ ಮಾತ್ರ. ಮಂಗಳೂರಿನಂಥ ಕಡೆ ಮಳೆಗಾಲದಲ್ಲಿ ಒಳಮೈ ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಪದರ ಹಿಗ್ಗುವುದಿಲ್ಲ, ರಟ್ಟು ಹೊರಕ್ಕೆ ಸುರುಳಿಯಾಗುತ್ತದೆ. ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಆಗಲೇ ಸುರುಳಿಯಾಗಿದ್ದರೆ ಒಣಗಿದ ಜಾಗದಲ್ಲಿ ಮಲಗಿಸಿ ಭಾರ ಹೇರಿ. ಜಪಾನಿನ ಪ್ರತಿಗೆ ಕಾಟ ಬೇರೆ: ಜಾಕೆಟ್ಟಿನ ಮೇಲಂಚು ಬೇಗ ಹರಿಯುತ್ತದೆ. ಪಾರದರ್ಶಕ ಹೊದಿಕೆ ಹಾಕಿದರೆ ಸಾಕು.

ವಿಜ್‌ನದ್ದೇ ಇನ್ನೊಂದು ಆವೃತ್ತಿಯಾದ ಬ್ಲ್ಯಾಕ್ ಎಡಿಷನ್ನಿನಲ್ಲಿ ಎರಡೆರಡು ಸಂಪುಟ ಸೇರಿ ಒಟ್ಟು 6 ಪುಸ್ತಕ. ಕಪ್ಪು ಮುಖಪುಟ, ಪುಟಗಳ ಅಂಚಿಗೂ ಕಪ್ಪು ಬಣ್ಣ. ಕೈಯಲ್ಲಿ ಹಿಡಿದರೆ ಕಥೆಯ ಆ ಕಪ್ಪು ನೋಟ್‌ಬುಕ್ಕೇ (ಹೆಸರು ಬರೆದರೆ ಆ ವ್ಯಕ್ತಿ ಸಾಯುವಂಥದ್ದು) ಸಿಕ್ಕಂತೆ, ಈ ಉಪಾಯಕ್ಕೆ ಪೂರ್ತಿ ಅಂಕ. ಆದರೆ 12 ಮುಖಪುಟಗಳಿದ್ದಲ್ಲಿ ಉಳಿಯುವುದು ಆರೇ. ಜತೆಗೆ ಅಂಚಿಗೆ ಸಣ್ಣ ಪೆಟ್ಟು ಬಿದ್ದರೂ ಬಿಳಿ ಕಾಗದ ಇಣುಕುತ್ತದೆ, ಕಪ್ಪು ರಟ್ಟಿನ ಮೇಲೆ ಬೆರಳಚ್ಚು ಎದ್ದು ಕಾಣುತ್ತದೆ. ಆನ್‌ಲೈನ್‌ನಲ್ಲಿ ಹಳೆಯ ಪ್ರತಿ ಕೊಳ್ಳುವವರು ಮುಖಪುಟದ ಫೋಟೋ ನೋಡಿ ಸುಮ್ಮನಾಗಬೇಡಿ, ಮೂರೂ ಅಂಚುಗಳ ಫೋಟೋ ಕೇಳಿ.

ಮುಖಪುಟ ಚಿತ್ರಗಳೇ ಬೇಕೆನ್ನುವವರಿಗೆ 12ರ ಸೆಟ್ಟೇ ಸರಿ. ಒಮ್ಮೆ ಓದಿ ಕಪಾಟಿಗೆ ಸೇರಿಸುವವರಿಗೆ ಬ್ಲ್ಯಾಕ್ ಎಡಿಷನ್ ಧಾರಾಳ ಸಾಕು.